ನೀರಿನ ಸರದಿ

ಬೀದಿಯ ನಲ್ಲಿಯ ಮುಂದೆ ಕೊಡಗಳ ಸಾಲನ್ನು ನೋಡದವರಾರು? ಕೊಡವಿಟ್ಟವಳು ಒಲೆಯ ಮೇಲಿನ ಸಾರು ನೋಡಲು ಮನೆಗೆ ಹೋಗಿರುತ್ತಾಳೆ. ಬರಿಯ ಕೊಡವೇ ಆಕೆಯ ಪರವಾಗಿ ನಿಂತಿರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಮುಂದಿಡುವುದು ಯಾರಿಗೂ ಕಷ್ಟವಲ್ಲ. ಆದರೂ ಸಾಮಾನ್ಯವಾಗಿ ಹಾಗಾಗುವುದಿಲ್ಲ. ತನಗೆ ಲಾಭವಿರುವ ಕೆಲಸವನ್ನು ಮನುಷ್ಯನು ಏಕೆ ಮಾಡದೆ ಬಿಡುತ್ತಾನೆ?

1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ನಿರಾಶೆಯ ಚಿತ್ರವೊಂದನ್ನು ಮುಂದಿಟ್ಟರು. ಎಲ್ಲರಿಗೂ ಸೇರಿದ ಗೋಮಾಳಕ್ಕೆ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಅಟ್ಟುತ್ತಾನೆ. ಲಾಭ ಅವನೊಬ್ಬನದು, ನಷ್ಟ ಎಲ್ಲರದು. ಕೊನೆಗೆ ಹುಲ್ಲೇ ಉಳಿಯದು. ತರ್ಕವೇನೋ ಸೊಗಸಾಗಿದೆ. ಆದರೆ ಆ ಗೋಮಾಳದಲ್ಲಿ ದನಗಾಹಿಗಳು ಒಬ್ಬರೊಡನೊಬ್ಬರು ಮಾತೇ ಆಡುವುದಿಲ್ಲ! ಅಂತಹ ಊರನ್ನು ನಾನಂತೂ ಕಂಡಿಲ್ಲ.

ಊರುಗಳನ್ನೇ ಹುಡುಕಿ ನೋಡಿದವರು ಎಲಿನರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಮೊದಲ ಮಹಿಳೆ. ಅವರು ವಿವರಿಸಿದ ನಿದರ್ಶನಗಳಲ್ಲಿ ಸ್ಪೇನ್ ದೇಶದ ವೆಲೆನ್ಸಿಯದ ಕಾಲುವೆಗಳೂ ಸೇರಿವೆ. ಅಲ್ಲಿ ನೀರು ಹೊಲದಿಂದ ಹೊಲಕ್ಕೆ ಸರದಿಯಂತೆ ಹರಿಯುತ್ತದೆ. ಸರದಿ ಬಂದವನು ಬೇಕಾದಷ್ಟು ಹಾಯಿಸಬಹುದು, ಪೋಲು ಮಾಡುವಂತಿಲ್ಲ. ಆ ಹೊತ್ತಿಗೆ ಬಾರದವನು ಸರದಿ ಮತ್ತೆ ಸುತ್ತಿ ಬರುವವರೆಗೆ ಕಾಯಬೇಕು. ಆದ್ದರಿಂದ ಮುಂದಿನವನು ಬದುವಿನ ಮೇಲೆ ಬಂದು ನಿಂತೇ ಇರುತ್ತಾನೆ. ಅವನು ಬಂದದ್ದು ತನ್ನ ನೀರಿಗಾಗಿ. ಆದರೆ ಮೊದಲಿನವನಿಗೆ ಅವನೇ ಕಾವಲು. ಸಂಬಳವೂ ಬೇಕಿಲ್ಲ! ನೆರೆಯವನು ಕದಿಯಲಾರನೆಂಬ ಭರವಸೆಯಿದ್ದಾಗ ತಾನು ಕದಿಯದಿರುವುದು ಯಾರಿಗೂ ಮೂರ್ಖತನವೆನಿಸದು. ನಮ್ಮ ಕೆರೆಗಳ ನೀರಗಂಟಿಯೂ ಆ ಭರವಸೆಯನ್ನೇ ಬೇರೊಂದು ಬಗೆಯಲ್ಲಿ ಕೊಡುತ್ತಿದ್ದನು: ತೂಬಿಗೆ ಕೈಹಾಕುವ ಅಧಿಕಾರ ಅವನದು, ಅವನ ಕೂಲಿಯೋ ಊರವರ ಕಣದ ಧಾನ್ಯ.

ವೆಲೆನ್ಸಿಯದಲ್ಲಿ ತಪ್ಪಿದವರ ವಿಚಾರಣೆ ಪ್ರತಿ ಗುರುವಾರ ನಡುಹಗಲಿನಲ್ಲಿ, ನಗರದ ಪ್ರಧಾನ ಇಗರ್ಜಿಯ ಬಾಗಿಲಲ್ಲಿ. ಕಾಲುವೆಗಳ ಎಂಟು ಪ್ರತಿನಿಧಿಗಳು, ರೈತರೇ ಆರಿಸಿದ ರೈತರು, ಕರಿಯ ನಿಲುವಂಗಿ ತೊಟ್ಟು ಕೂರುತ್ತಾರೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ. ಆಪಾದಿತನ ಕಾಲುವೆಯ ಪ್ರತಿನಿಧಿಗೆ ತೀರ್ಪಿನಲ್ಲಿ ಪಾಲಿಲ್ಲ. ಕೊಟ್ಟ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಪೇದೆಯು ಕಾಲುವೆಗಳ ಹೆಸರನ್ನು ಒಂದೊಂದಾಗಿ ಕೂಗಿ ಆಪಾದಿತರನ್ನು ಕರೆಯುತ್ತಾನೆ. ಎಷ್ಟೋ ಗುರುವಾರ ಯಾರೂ ಮುಂದೆ ಬರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸಭೆ ಮುಗಿದು, ನೋಡಬಂದ ಪ್ರವಾಸಿಗಳು ಚದುರುತ್ತಾರೆ.