ಕಿವಿ ಕೊಯ್ದ ಮಾತ್ರಕ್ಕೆ ನಾಯಿ ಹುಲಿಯಾಗದು!

ದಾವಣಗೆರೆ: ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶ ಮುಗಿಸಿ, ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು ತೂಗುಹಾಕಿದ ಮೇಲೆ ಹುಡುಕಾಡುವುದು ಒಂದು ಡಾಬರ್‌ಮನ್ ಮರಿಗಾಗಿ. ಮರಿ ಮನೆಗೆ ಬಂದ ಎರಡೇ ದಿನಕ್ಕೆ ತಕರಾರು ಶುರು. "ಇದೇನ್ರೀ, ಕಿವಿ ಜೋತುಬಿದ್ದಿದೆ? ಸಿನಿಮಾದಲ್ಲಿ ನೆಟ್ಟಗೆ ಕೊಂಬಿನ ಹಾಗೆ ನಿಂತಿರುತ್ತಲ್ಲ! ಜಾತಿ ನಾಯಿ ಅಂತ ಹೇಳಿ ಮೋಸ ಮಾಡಿದರಾ?"

ಮೋಸ ಏನೂ ಇಲ್ಲ. ಡಾಬರ್‌ಮನ್ ಕಿವಿ ಹುಟ್ಟಿನಿಂದಲೇ ಜೋತುಬಿದ್ದಿರುತ್ತದೆ. ಗ್ರೇಟ್ ಡೇನ್, ಬಾಕ್ಸರ್ ಕಥೆಯೂ ಅದೇ. ಸಿನಿಮಾದಲ್ಲಿ ಕಾಣುವ ಕೊಂಬಿನ ಕಿವಿ ದೇವರು ಕೊಟ್ಟದ್ದಲ್ಲ, ಮನುಷ್ಯ ಕತ್ತರಿಸಿದ್ದು. ಮರಿ ಏಳರಿಂದ ಹನ್ನೆರಡು ವಾರದ ಒಳಗಿರುವಾಗ ಕಿವಿಯ ಹಾಳೆಯಲ್ಲಿ ದೊಡ್ಡ ಪಾಲನ್ನು ಕೊಯ್ದು ತೆಗೆದು, ಉಳಿದದ್ದಕ್ಕೆ ಹೊಲಿಗೆ ಹಾಕಿ, ವಾರಗಟ್ಟಲೆ ಪಟ್ಟಿ ಸುತ್ತಿ ನಿಲ್ಲಿಸುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಕೆಲವು ನಾಯಿಗಳ ಕಿವಿ ನಿಲ್ಲುವುದಿಲ್ಲ. ಒಂದು ನೆಟ್ಟಗೆ, ಇನ್ನೊಂದು ಸೊಟ್ಟಗೆ!

ಯಾಕೆ ಕೊಯ್ಯುತ್ತಾರೆ?

ಕೇಳಿದರೆ ಕಾರಣಗಳಿಗೆ ಬರವಿಲ್ಲ. ಕಿವಿ ಕೊಯ್ದರೆ ನಾಯಿ ಉಗ್ರವಾಗುತ್ತದೆ ಅನ್ನುವವರಿದ್ದಾರೆ. ಚೆನ್ನಾಗಿ ಕೇಳಿಸುತ್ತದೆ ಅನ್ನುವವರಿದ್ದಾರೆ. ಕಿವಿ ಸೋರುವುದಿಲ್ಲ ಅನ್ನುವವರೂ ಇದ್ದಾರೆ. ಮೂರೂ ನಿಲ್ಲುವ ಮಾತಲ್ಲ. ಮನುಷ್ಯನ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಹಿಡಿದರೆ, ನಾಯಿಯದ್ದು 40 ಸಾವಿರ ದಾಟುತ್ತದೆ. ಅಷ್ಟು ಚುರುಕು ಕಿವಿಗೆ ಕತ್ತರಿಯ ಸಹಾಯ ಯಾಕೆ? ಉಗ್ರತನ ಬರುವುದು ತಳಿಯಿಂದ, ಸಾಕಿದ ರೀತಿಯಿಂದ. ಇನ್ನು ಕಿವಿ ಸೋರುವುದಕ್ಕೆ ಬೇಕಾದದ್ದು ಶುಚಿ ಮತ್ತು ಔಷಧಿ. ಜೋತುಕಿವಿಯ ಲ್ಯಾಬ್ರಡಾರ್‌ಗೆ ಯಾರೂ ಕತ್ತರಿ ಹಿಡಿಯುವುದಿಲ್ಲವಲ್ಲ!

ಡಾಬರ್‌ಮನ್ ತಳಿ ಹುಟ್ಟಿದ್ದು ಜರ್ಮನಿಯ ಅಪೋಲ್ಡಾ ಊರಿನಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. ತೆರಿಗೆ ವಸೂಲಿಗೆ ಹೋಗುತ್ತಿದ್ದ ಲೂಯಿ ಡಾಬರ್‌ಮನ್ ಎಂಬಾತ ತನ್ನ ಕಾವಲಿಗೆಂದು ಬೆಳೆಸಿದ ನಾಯಿ ಇದು. ಆ ಜರ್ಮನಿಯೇ 1987ರಿಂದ ಕಿವಿ ಕೊಯ್ಯುವುದನ್ನು ನಿಷೇಧಿಸಿದೆ. ತವರುಮನೆ ಬಿಟ್ಟ ಶೋಕಿಯನ್ನು ನಮ್ಮ ಬಡಾವಣೆಗಳು ಹಿಡಿದುಕೊಂಡಿವೆ.

ಐವತ್ತು ರೂಪಾಯಿ ದಂಡ!

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯ ಅಂಗ ಊನ ಮಾಡುವುದು ಅಪರಾಧ. ಚೆಂದಕ್ಕಾಗಿ ಕಿವಿ, ಬಾಲ ಕತ್ತರಿಸುವುದೂ ಇದರೊಳಗೇ ಬರುತ್ತದೆ ಎಂದು ಪ್ರಾಣಿ ಕಲ್ಯಾಣ ಮಂಡಳಿ ಹೇಳಿದೆ. ಆದರೆ 1960ರಲ್ಲಿ ಬರೆದ ದಂಡ ನೋಡಿ: ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿವರೆಗೆ! ಇವತ್ತು ಒಂದು ಬೆಣ್ಣೆದೋಸೆಗೂ ಸಾಲದ ದುಡ್ಡು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಮೂರು ತಿಂಗಳವರೆಗೆ ಜೈಲು ಸಾಧ್ಯ.

ದಂಡ ಚಿಕ್ಕದಾದರೂ ಕಾನೂನಿನ ಭಯ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಡಾಕ್ಟರು ಒಲ್ಲೆ ಅಂದಾಗ ಮಾಲೀಕ ಮರಿಯನ್ನು ಎತ್ತಿಕೊಂಡು 'ಗೊತ್ತಿರುವವರ' ಹತ್ತಿರ ಹೋಗುತ್ತಾನೆ. ಮೈಮರೆಸುವ ಔಷಧಿಯಿಲ್ಲ, ಕಾಯಿಸಿದ ಕತ್ತರಿಯಿಲ್ಲ. ಕಾಲು ಕಟ್ಟಿ, ಬಾಯಿ ಹಿಡಿದು ಬ್ಲೇಡು ಹಾಕುವುದೊಂದೇ ವಿದ್ಯೆ. ಆಮೇಲೆ ಗಾಯ ಕೀವಾದರೆ ಆಸ್ಪತ್ರೆಗೆ ಹೋಗಲು ಹೆದರಿಕೆ. ಕಿವಿ ಮನೆಯಲ್ಲೇ ಕೊಳೆಯುತ್ತದೆ.

ಕೊಯ್ದಾಗಿದೆ, ಈಗೇನು ಮಾಡೋದು?

ಕೊಯ್ಸಿದ್ದು ತಪ್ಪೇ. ಆದರೆ ಆ ತಪ್ಪಿನ ಶಿಕ್ಷೆ ಮರಿಗೆ ಬೇಡ. ಯಾರು ಕೊಯ್ದರು, ಯಾವತ್ತು ಕೊಯ್ದರು ಎಂಬುದನ್ನು ಮುಚ್ಚಿಡದೆ ಪಶುವೈದ್ಯರ ಮುಂದೆ ಹೇಳಿ ತೋರಿಸಬೇಕು. ಮನೆಯಲ್ಲಿ ನೋಡಿಕೊಳ್ಳಬೇಕಾದ್ದು ಇಷ್ಟು:

ಮರಿ ಕಾಲಿನಿಂದ ಕಿವಿ ಕೆರೆಯದಂತೆ ಕುತ್ತಿಗೆಗೆ ಆಲಿಕೆಯಾಕಾರದ ಕಾಲರ್ ಹಾಕಬೇಕು. ಬೇರೆ ಮರಿಗಳಿದ್ದರೆ ಬೇರೆ ಇಡಬೇಕು, ಅವು ಆಟಕ್ಕೆ ಕಿವಿಯನ್ನೇ ಕಚ್ಚುತ್ತವೆ. ಪಟ್ಟಿ ಒದ್ದೆಯಾಗಬಾರದು. ಒದ್ದೆಯಾದರೆ, ವಾಸನೆ ಬಂದರೆ ವಾಯಿದೆ ನೋಡದೆ ಅಂದೇ ಹೋಗಿ ಬದಲಾಯಿಸಿಸಬೇಕು. ಬಿಗಿಯಾಗಿ ಸುತ್ತಿದ ಪಟ್ಟಿ ರಕ್ತ ಓಡಾಟ ತಡೆಯುತ್ತದೆ. ಕಿವಿಯ ತುದಿ ತಣ್ಣಗಾದರೆ, ಕಪ್ಪಗಾದರೆ ಒಂದು ಗಂಟೆಯೂ ತಡ ಮಾಡಬಾರದು. ಹೊಲಿಗೆಯನ್ನು ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನಕ್ಕೆ ವೈದ್ಯರೇ ಬಿಚ್ಚುತ್ತಾರೆ, ಮನೆಯ ಕತ್ತರಿ ಅದಕ್ಕಲ್ಲ.

ಊತ, ಕೀವು, ದುರ್ವಾಸನೆ, ಜ್ವರ, ಊಟ ಬಿಡುವುದು, ತಲೆ ಒದರುತ್ತಲೇ ಇರುವುದು - ಇವು ಅಪಾಯದ ಗುರುತು. ನೊಣ ಕೂತು ಹುಳ ಬಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ರೂಢಿ ನಮ್ಮಲ್ಲಿದೆ. ಅದು ಹುಳದ ಜೊತೆಗೆ ಮಾಂಸವನ್ನೂ ಸುಡುತ್ತದೆ, ನೆಕ್ಕಿದರೆ ವಿಷ. ಹೊಗೆಸೊಪ್ಪಿನ ಪುಡಿ, ಸುಣ್ಣವೂ ಬೇಡ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಗುಳಿಗೆ ಕೊಡಲೇಬಾರದು. ಮನುಷ್ಯನ ಗುಳಿಗೆ ನಾಯಿಯ ಯಕೃತ್ತು, ಮೂತ್ರಪಿಂಡ, ಹೊಟ್ಟೆಯನ್ನು ಕೆಡಿಸಬಲ್ಲದು.

ಕೊಯ್ಯದ ಕಿವಿಗೂ ಆರೈಕೆ ಬೇಕು. ವಾರಕ್ಕೊಮ್ಮೆ ಎತ್ತಿ ನೋಡಿ, ಹೊರಗೆ ಕಾಣುವಷ್ಟನ್ನು ಮಾತ್ರ ಹತ್ತಿಯಿಂದ ಒರೆಸಿದರೆ ಸಾಕು. ಒಳಗೆ ಕಡ್ಡಿ ಹಾಕುವುದು, ಕೊಬ್ಬರಿ ಎಣ್ಣೆ ಬಿಡುವುದು ಬೇಡ. ನಾಯಿಯ ಕಿವಿ ಕೊಳವೆ ಒಳಗೆ ಹೋಗಿ ಮೊಣಕೈಯಂತೆ ತಿರುಗುತ್ತದೆ. ಕಡ್ಡಿ ಕೊಳೆಯನ್ನು ಹೊರಗೆ ತರುವ ಬದಲು ಇನ್ನೂ ಒಳಕ್ಕೆ ದೂಡುತ್ತದೆ.

ಹೊಡೆದರೆ ಕಲಿಯುತ್ತಾ?

ಕಿವಿ ವಿಚಾರ ಮುಗಿದರೆ ಎರಡನೇ ಪ್ರಶ್ನೆ ತರಬೇತಿಯದು. ಇವೆರಡಕ್ಕೂ ಇರುವ ಸಂಬಂಧವನ್ನು ಯಾರೂ ಯೋಚಿಸುವುದಿಲ್ಲ. ನಾಯಿಮರಿ ಜಗತ್ತನ್ನು ನಂಬಲು ಕಲಿಯುವುದು ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ. ಆಗ ನೋಡಿದ ಮಕ್ಕಳು, ಮುದುಕರು, ಸ್ಕೂಟರು, ಕುಕ್ಕರ್ ಶಿಳ್ಳೆ ಯಾವುದಕ್ಕೂ ಮುಂದೆ ಹೆದರುವುದಿಲ್ಲ. ಕಿವಿ ಕೊಯ್ಯುವುದೂ ಅದೇ ವಾರಗಳಲ್ಲಿ! ಮನುಷ್ಯನ ಕೈ ಅಂದರೆ ಪ್ರೀತಿ ಎಂದು ಕಲಿಯಬೇಕಾದ ಹೊತ್ತಿನಲ್ಲಿ ಕೈ ಅಂದರೆ ನೋವು ಎಂದು ಕಲಿಯುತ್ತದೆ. ಮುಂದೆ ತಲೆ ಮುಟ್ಟಲು ಹೋದ ಮಗುವಿಗೆ ಗುರ್ ಅಂದರೆ ಆಶ್ಚರ್ಯವೇನು?

ಹೊಡೆತಕ್ಕೆ ನಾಯಿ ಕಲಿಯುವುದಿಲ್ಲ, ಹೆದರುತ್ತದೆ. ಹೆದರಿದ ನಾಯಿಯೇ ಕಚ್ಚುವುದು. ಸರಿಯಾದ ದಾರಿ ಸುಲಭ. ಕೂತುಕೋ ಅಂದಾಗ ಕೂತರೆ ಕ್ಷಣದೊಳಗೆ ಒಂದು ಚೂರು ತಿಂಡಿ, ಒಂದು ಶಹಬ್ಬಾಸ್. ತಡವಾಗಿ ಕೊಟ್ಟರೆ ಯಾವುದಕ್ಕೆ ಕೊಟ್ಟರೆಂದು ಅದಕ್ಕೆ ತಿಳಿಯದು. ಬೇಯಿಸಿದ ಮೊಟ್ಟೆಯ ಚೂರು, ಉಪ್ಪುಖಾರವಿಲ್ಲದ ಕೋಳಿಮಾಂಸ ಆಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪಾಠ ಐದು ನಿಮಿಷಕ್ಕೆ ಮೀರಬಾರದು, ದಿನಕ್ಕೆ ಎರಡು ಮೂರು ಸಲ ಸಾಕು. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಪ್ಪ 'ಸಿಟ್', ಅಮ್ಮ 'ಕೂತ್ಕೋ', ಅಜ್ಜಿ 'ಬಿದ್ದಿರು' ಅಂದರೆ ಪಾಪ, ಅದೇನು ಮಾಡಬೇಕು?

ಮನೆಯೊಳಗೆ ಉಚ್ಚೆ ಮಾಡಿದರೆ ಮೂತಿ ತಿಕ್ಕುವುದು ಇನ್ನೊಂದು ಹಳೇ ಮದ್ದು. ಇದರಿಂದ ಅದು ಕದ್ದು ಮಾಡಲು ಕಲಿಯುತ್ತದೆ, ಅಷ್ಟೆ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದೊಯ್ದು, ಅಲ್ಲಿ ಮಾಡಿದಾಗ ಹೊಗಳಿದರೆ ಕೆಲವು ವಾರಗಳಲ್ಲಿ ದಾರಿಗೆ ಬರುತ್ತದೆ.

"ಕಚ್ಚೋದನ್ನ ಕಲಿಸಿಕೊಡ್ತೀರಾ?" ಎಂದು ಕೇಳುವವರಿಗೂ ಕೊರತೆಯಿಲ್ಲ. ಪೊಲೀಸ್ ನಾಯಿಯ ಹಿಂದೆ ತಿಂಗಳುಗಟ್ಟಲೆ ಶಿಸ್ತು, ದಿನವಿಡೀ ಜೊತೆಗಿರುವ ಸಿಬ್ಬಂದಿ ಇರುತ್ತಾರೆ. ಮನೆಯ ನಾಯಿಗೆ ಕಚ್ಚಲು ಕಲಿಸಿದರೆ ಅದು ಮೊದಲು ಹಿಡಿಯುವುದು ಹಾಲಿನ ಹುಡುಗನನ್ನು, ಕಳ್ಳನನ್ನಲ್ಲ.

ತುಂಗಾ ಓಡಿದ್ದು ಮೂಗಿನಿಂದ

ಈ ಊರಿಗೆ ಡಾಬರ್‌ಮನ್ ಬಗ್ಗೆ ಹೊರಗಿನವರು ಪಾಠ ಹೇಳಬೇಕಿಲ್ಲ. ದಾವಣಗೆರೆ ಜಿಲ್ಲಾ ಪೊಲೀಸ್ ಶ್ವಾನದಳದ ಡಾಬರ್‌ಮನ್ 'ತುಂಗಾ' 2020ರಲ್ಲಿ ಕೊಲೆಯೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅಂದು ಕೆಲಸಕ್ಕೆ ಬಂದದ್ದು ಮೂಗು, ತರಬೇತಿ, ನಡೆಸುವವರ ಮೇಲಿನ ನಂಬಿಕೆ. ಕಿವಿಯ ಆಕಾರವನ್ನು ಕೇಸ್ ಡೈರಿಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.

ಮರಿ ತರುವವರು ನೆನಪಿಡಬೇಕಾದ್ದು ಕಡಿಮೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮ ಹೇಳುತ್ತದೆ, ಕೊಳ್ಳಲೂಬೇಡಿ. 'ಕಿವಿ ಮಾಡಿಸಿ ಕೊಡ್ತೀವಿ' ಅನ್ನುವವನ ಹತ್ತಿರ ವ್ಯಾಪಾರವೇ ಬೇಡ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ತಪ್ಪಿಸಬೇಡಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಕಳಿಸಿ. ಕಿವಿಗೆ ಖರ್ಚು ಮಾಡುವ ದುಡ್ಡನ್ನು ಲಸಿಕೆಗೆ, ಬೆಳಗಿನ ಒಂದು ಗಂಟೆಯನ್ನು ಮರಿಯ ಓಡಾಟಕ್ಕೆ ಕೊಟ್ಟರೆ ಗೇಟಿನ ಬೋರ್ಡಿಗೆ ತಕ್ಕ ನಾಯಿ ತಾನಾಗಿ ಬೆಳೆಯುತ್ತದೆ, ಜೋತುಕಿವಿ ಇಟ್ಟುಕೊಂಡೇ.