ಜಮಖಂಡಿ ಸೀಮೆಯ ಪದವೀಧರರೂ ಆರ್‌ಎನ್‌ಎ ಸಂಶೋಧನವೂ

ಜಮಖಂಡಿಯಲ್ಲಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಈ ಸೀಮೆಯ ಜನರಿಗಾದ ಸಂತೋಷವು ಅಲ್ಪವಾದುದಲ್ಲ. ಎರಡು ವರ್ಷ ತುಂಬುವ ಮುಂಚೆಯೇ, 2025ರ ಫೆಬ್ರುವರಿಯಲ್ಲಿ, ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಅಭಿಪ್ರಾಯವು ರಾಜ್ಯದ ಮಂತ್ರಿಮಂಡಲದ ಉಪಸಮಿತಿಯಿಂದ ಹೊರಟಿತು. ಆ ಪಟ್ಟಿಯಲ್ಲಿ ಜಮಖಂಡಿಯದೂ ಸೇರಿತ್ತು. ಹಣಕಾಸಿನ ಅಡಚಣೆಯೇ ಅದಕ್ಕೆ ಹೇಳಿದ ಮುಖ್ಯ ಕಾರಣ. ಬೆಲೆಬಾಳುವ ಯಂತ್ರಗಳಿಲ್ಲದೆ ಉಚ್ಚ ಸಂಶೋಧನವು ಸಾಗದೆಂಬ ನಂಬಿಕೆಯೂ ಇಂಥ ಮಾತಿಗೆ ಬಲ ಕೊಡುತ್ತದೆ. ಅದು ಎಲ್ಲ ಶಾಸ್ತ್ರಗಳಿಗೂ ಸಲ್ಲುವ ಮಾತಲ್ಲ. ಗಣಕಯಂತ್ರವೊಂದು, ಗಣಿತದ ತಳಹದಿಯೊಂದು, ಇವೆರಡಿದ್ದರೆ ಆರಂಭಿಸಬಹುದಾದ ಶಾಸ್ತ್ರವೊಂದುಂಟು. ಅದೇ ಜೈವಿಕ ಮಾಹಿತಿಶಾಸ್ತ್ರ. ಅದರಲ್ಲಿಯೂ ಆರ್‌ಎನ್‌ಎ ಎಂಬ ದ್ರವ್ಯದ ರಚನೆಯನ್ನು ಕುರಿತ ಭಾಗವನ್ನು ನಮ್ಮ ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ವಿಷಯವನ್ನು ತಿಳಿಸಿಕೊಡುವುದು ಕಷ್ಟವಲ್ಲ. ಹುರಿ ಹೆಚ್ಚಾದ ನೂಲನ್ನು ಸಡಿಲ ಬಿಟ್ಟರೆ ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ಕುಣಿಕೆಯಾಗುತ್ತದೆ. ಆರ್‌ಎನ್‌ಎಯೂ ಒಂಟಿ ಎಳೆಯೇ. ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಆ ಎಳೆಯಲ್ಲಿ ಎ ಯುವನ್ನೂ ಜಿ ಸಿಯನ್ನೂ ಅರಸಿ ಕೂಡುವುದರಿಂದ ಎಳೆಯು ಮಡಚಿ ಕುಣಿಕೆಗಳಾಗುತ್ತವೆ. ನೂಲಿನ ಕುಣಿಕೆಯು ಕೆಲಸಕ್ಕೆ ಅಡ್ಡಿ. ಆರ್‌ಎನ್‌ಎಯಲ್ಲಿ ಕುಣಿಕೆಯೇ ಅನೇಕ ವೇಳೆ ಕೆಲಸಮಾಡುವ ಅಂಗ. ಆದರೆ ನೂರಕ್ಷರದ ಎಳೆಯೊಂದು ಮಡಚಬಹುದಾದ ಬಗೆಗಳು ಎಣಿಸಿ ಮುಗಿಯುವಂಥವಲ್ಲ. ಅವುಗಳಲ್ಲಿ ನಿಜವಾದುದು ಯಾವುದು? ಸಂಶೋಧಕರು ಬಿಡಿಸುತ್ತಿರುವ ಒಗಟು ಇದೇ.

ರುತ್ ನುಸ್ಸಿನೋವ್ ಮತ್ತು ಸಂಗಡಿಗರು 1978ರಲ್ಲಿಯೂ, ಮೈಕೆಲ್ ಝೂಕರ್ ಮತ್ತು ಸ್ಟೀಗ್ಲರ್ ಅವರು 1981ರಲ್ಲಿಯೂ ಈ ಎಣಿಕೆಯನ್ನು ಗಣಕಯಂತ್ರಕ್ಕೆ ಒಗ್ಗುವಂತೆ ಮಾಡಿದರು. ಪ್ರೋಟೀನುಗಳ ರಚನೆಯನ್ನು ಗಣಕಯಂತ್ರದಿಂದ ಊಹಿಸಿದ ಹಸ್ಸಾಬಿಸ್ ಮತ್ತು ಜಂಪರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಆರ್‌ಎನ್‌ಎಯ ಮಟ್ಟಿಗೆ ಅಂಥ ಜಯವು ಇನ್ನೂ ಬಂದಿಲ್ಲ. ಪ್ರಯೋಗದಿಂದ ನಿಶ್ಚಿತವಾದ ಎರಡು ಲಕ್ಷಕ್ಕೂ ಮಿಕ್ಕಿದ ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಸಂಗ್ರಹವಾಗಿದ್ದರೂ ಅವುಗಳಲ್ಲಿ ಆರ್‌ಎನ್‌ಎಯ ಪಾಲು ಬಹು ಸ್ವಲ್ಪ. ಕಲಿಯಲು ಮಾದರಿಗಳೇ ಸಾಲವು. ಎಂದರೆ ಹೊಸಬನಿಗೆ ಇಲ್ಲಿ ಇನ್ನೂ ಸ್ಥಳವಿದೆ.

ಇದರಿಂದ ನಮ್ಮ ರೈತನಿಗೇನು ಪ್ರಯೋಜನವೆಂದು ಕೇಳುವವರಿರಬಹುದು. ಕೇಳಲೇಬೇಕಾದ ಪ್ರಶ್ನೆ. ಜಮಖಂಡಿ-ಮುಧೋಳಗಳ ಬಾಳುವೆ ಕಬ್ಬಿನ ಮೇಲೆ ನಿಂತಿದೆ. ಕಬ್ಬಿನ ಎಲೆಯಲ್ಲಿ ತಿಳಿಹಸುರಿನ ಬರೆಗಳನ್ನೆಬ್ಬಿಸುವ ಮೊಸಾಯಿಕ್ ರೋಗದ ವೈರಸ್ಸು ಸುಮಾರು ಒಂಬತ್ತೂವರೆ ಸಾವಿರ ಅಕ್ಷರಗಳ ಆರ್‌ಎನ್‌ಎ ಎಳೆಯೇ. ಬೀಳಗಿಯ ರೈತನ ಕೊಟ್ಟಿಗೆಗೆ ನುಗ್ಗುವ ಕಾಲುಬಾಯಿ ಬೇನೆಯದೂ ಆರ್‌ಎನ್‌ಎ ವೈರಸ್ಸು. ಅದು ಜೀವಕೋಶವನ್ನು ಹೊಕ್ಕ ಬಳಿಕ ತನ್ನ ಎಳೆಯ ಮಡಿಕೆಯೊಂದರ ಬಲದಿಂದಲೇ ಕೋಶದ ಪ್ರೋಟೀನ್ ಯಂತ್ರವನ್ನು ತನ್ನ ಚಾಕರಿಗೆ ಹಚ್ಚಿಕೊಳ್ಳುತ್ತದೆ. ಮುಧೋಳದ ಪ್ರಖ್ಯಾತ ಬೇಟೆನಾಯಿಗಳನ್ನೂ ಬಿಡದ ಡಿಸ್ಟೆಂಪರ್, ಹುಚ್ಚುನಾಯಿ ರೋಗ, ಇವೂ ಅದೇ ವರ್ಗಕ್ಕೆ ಸೇರಿದವು. ಆ ತಳಿಗಾಗಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನ ಕೇಂದ್ರವೂ, ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೂ ಇವೆ. ವಿಷಯವು ನಮ್ಮ ಹೊಲದಲ್ಲಿಯೇ ಇದೆ. ಅದನ್ನು ಓದಬಲ್ಲ ಹುಡುಗರು ಬೇಕು.

ದಾರಿಯು ಗುಟ್ಟಿನದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಅವರು 1971ರಲ್ಲಿ ಕಟ್ಟಿದ ಅಣು ಜೀವಭೌತ ವಿಭಾಗವೂ, ಅದೇ ನಗರದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಈ ಬಗೆಯ ಕೆಲಸಕ್ಕೆ ಹೆಸರಾದವು. ಅಷ್ಟು ದೂರ ಒಲ್ಲೆನೆಂಬವರಿಗೆ 2016ರಲ್ಲಿ ತೆರೆದ ಧಾರವಾಡದ ಐಐಟಿಯಿದೆ. ಎಂ.ಎಸ್‌ಸಿ. ಮುಗಿಸಿದವರು ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ವೇತನ. ಮನೆಬಾಡಿಗೆ ಭತ್ತೆ ಬೇರೆ. ಮನೆಯವರ ಮೇಲೆ ಭಾರ ಹಾಕದೆ ಡಾಕ್ಟರೇಟು ಮಾಡಬಹುದೆಂಬುದನ್ನು ಪಾಲಕರು ಗಮನಿಸಬೇಕು. ಗೇಟ್ ಪರೀಕ್ಷೆಯೂ, ಜೀವವಿಜ್ಞಾನ ಕೇಂದ್ರದ ಪ್ರವೇಶಕ್ಕಾಗಿ ಜೆಜೀಬಿಲ್ಸ್ ಎಂಬ ಪರೀಕ್ಷೆಯೂ ಉಂಟು. ಬಿ.ಎಸ್‌ಸಿ. ಆದೊಡನೆ ಸೇರತಕ್ಕ ಸಂಯುಕ್ತ ಪಿಎಚ್.ಡಿ. ಕ್ರಮಗಳು ಈ ಎರಡು ಬೆಂಗಳೂರು ಸಂಸ್ಥೆಗಳಲ್ಲಿಯೂ ಇವೆ.

ತೊಡಕಿರುವುದು ಬೇರೆ ಕಡೆ. ಮೇಲೆ ಹೇಳಿದ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಯು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುತ್ತದೆ, ಕನ್ನಡದಲ್ಲಿ ಇಲ್ಲ. ಹಿಂದಿಯ ಹುಡುಗನಿಗೆ ಮನೆಮಾತಿನಲ್ಲಿ ಬರೆಯುವ ಸೌಲಭ್ಯವಿದ್ದು ಕನ್ನಡದ ಹುಡುಗನಿಗೆ ಅದು ಇಲ್ಲವೆಂಬುದು ಯಾವ ನ್ಯಾಯ? ನಮ್ಮ ಲೋಕಸಭಾ ಸದಸ್ಯರು ದಿಲ್ಲಿಯಲ್ಲಿ ಇದನ್ನು ಎತ್ತಬೇಕು. ಇನ್ನೊಂದು ತೊಡಕು ನಮ್ಮದೇ. ಜೀವಶಾಸ್ತ್ರ ಹಿಡಿದವನು ಗಣಿತವನ್ನು ಬಿಟ್ಟುಬಿಡುತ್ತಾನೆ. ಗಣಿತ ಹಿಡಿದವನನ್ನು ಮನೆಯವರು ಇಂಜಿನಿಯರಿಂಗಿಗೆ ಅಟ್ಟುತ್ತಾರೆ. ಎರಡಕ್ಕೂ ಸಲ್ಲದವನು ಸರಕಾರಿ ನೌಕರಿಯ ಪರೀಕ್ಷೆಗಳನ್ನು ಕಟ್ಟುತ್ತ ಮೂವತ್ತು ವರ್ಷ ದಾಟುತ್ತಾನೆ. ನೌಕರಿ ಬೇಡವೆಂದು ನಾವು ಹೇಳುವುದಿಲ್ಲ. ಈ ಲೇಖನವನ್ನು ಓದುವ ಅಧಿಕಾರಿಗಳಲ್ಲಿ ಎಷ್ಟೋ ಜನರು ಆ ದಾರಿಯಿಂದಲೇ ಬಂದವರು.

ಆದರೆ ಜಮಖಂಡಿಯ ವಿಶ್ವವಿದ್ಯಾಲಯವೂ ನಾಲ್ಕು ತಾಲೂಕುಗಳ ಕಾಲೇಜುಗಳೂ ಕೂಡಿ ಒಂದು ಕೆಲಸ ಮಾಡಬಹುದಾಗಿದೆ. ವೈರಸ್ಸುಗಳ ಅಕ್ಷರಮಾಲೆಗಳು ಜೆನ್‌ಬ್ಯಾಂಕಿನಲ್ಲಿ 1982ರಿಂದ ಯಾರಿಗೂ ಉಚಿತವಾಗಿ ದೊರೆಯುತ್ತಿವೆ. ಆರ್‌ಎನ್‌ಎ ವಂಶಗಳ ಆರ್‌ಫ್ಯಾಮ್ ಸಂಗ್ರಹವೂ, ಮಡಿಕೆಯನ್ನು ಎಣಿಸುವ ವಿಯೆನ್ನಾದ ತಂತ್ರಾಂಶವೂ ಹಾಗೆಯೇ. ಬಿ.ಎಸ್‌ಸಿ. ಎರಡನೆಯ ವರ್ಷದ ಹತ್ತು ವಿದ್ಯಾರ್ಥಿಗಳನ್ನು, ಅರ್ಧ ಜೀವಶಾಸ್ತ್ರದವರು, ಅರ್ಧ ಗಣಿತದವರು, ಆರಿಸಿ ಸಂಜೆಯ ಹೊತ್ತು ಕಾಲೇಜಿನ ಗಣಕಯಂತ್ರಗಳ ಕೋಣೆಯ ಬೀಗ ತೆಗೆದುಕೊಡಲಿ. ಕಬ್ಬಿನ ಮೊಸಾಯಿಕ್ ವೈರಸ್ಸಿನ ಎಳೆಯನ್ನು ಕೈಗೆ ಕೊಟ್ಟು, ಇದರಲ್ಲಿ ಕುಣಿಕೆಗಳೆಲ್ಲಿ ಬಿದ್ದಿವೆ, ಹುಡುಕಿರೆಂದು ಹೇಳಲಿ. ಕನ್ನಡದಲ್ಲಿಯೇ ಹೇಳಲಿ. ಇದಕ್ಕೆ ತಗಲುವ ವೆಚ್ಚವು ಕೋಣೆಯ ವಿದ್ಯುತ್ತಿನದು, ಒಬ್ಬ ಅಧ್ಯಾಪಕರ ಸಂಜೆಯದು.