ಶನಿವಾರದ ಶಾಲೆಯಿಂದ ಬಂದ ಕವಿ: ಅಕಾಲಾ

ಇಂಗ್ಲೆಂಡಿನ ಹಿಪ್ ಹಾಪ್ ಗಾಯಕರೊಬ್ಬರ ಹೆಸರು ಕನ್ನಡಿಗರ ಕಿವಿಗೆ ಚಿರಪರಿಚಿತವೆನಿಸುವುದು ಅಪರೂಪ. ಕಿಂಗ್ಸ್‌ಲೀ ಡೇಲಿ ಎಂಬ ಕವಿ-ಗಾಯಕರು ತಮಗಾಗಿ ಆರಿಸಿಕೊಂಡ ಹೆಸರು 'ಅಕಾಲಾ'. ಕದಲದವನು ಎಂಬರ್ಥದ ಬೌದ್ಧ ಶಬ್ದವದು. ನಮ್ಮ 'ಅಚಲ'ವನ್ನು ಓದುಗರು ಅದರಲ್ಲಿ ಸುಲಭವಾಗಿ ಗುರುತಿಸಬಲ್ಲರು. ಅವರ ಎರಡು ದಶಕಗಳ ಸಾಧನೆ ಈ ಹೆಸರಿಗೆ ಒಪ್ಪುವಂಥದು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅದರಲ್ಲೊಂದು ಪಾಠವೂ ಇದೆ.

1983ರಲ್ಲಿ ಜನಿಸಿದ ಅಕಾಲಾ ಬೆಳೆದದ್ದು ಉತ್ತರ ಲಂಡನ್ನಿನ ಕ್ಯಾಮ್ಡನ್ ಪ್ರದೇಶದಲ್ಲಿ, ಬಡತನದ ನಡುವೆ. ತಂದೆ ಜಮೈಕಾ ಮೂಲದವರು, ತಾಯಿ ಸ್ಕಾಟ್ಲೆಂಡ್ ಮೂಲದವರು. ಐದರ ವಯಸ್ಸಿನಲ್ಲಿ ಶಾಲೆಯ ಬಿಳಿಯ ಹುಡುಗನೊಬ್ಬ ಬಣ್ಣವನ್ನು ಹಿಡಿದು ಬೈದನೆಂದು ತಾಯಿಯ ಬಳಿ ದೂರಲು ಹೊರಟ ಬಾಲಕನಿಗೆ, ತಾಯಿಯೂ ಬಿಳಿಯಳೆಂಬುದು ಆ ಕ್ಷಣದಲ್ಲಿಯೇ ಹೊಳೆಯಿತು. ಮುಂದೆ ಓದಿನಲ್ಲಿ ಚುರುಕಾಗಿದ್ದ ಆ ಬಾಲಕನನ್ನೇ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಗುಂಪಿನಲ್ಲಿ ಕೂರಿಸಲಾಯಿತು.

ಇದು ಒಬ್ಬ ಬಾಲಕನ ದುರದೃಷ್ಟ ಮಾತ್ರವಾಗಿರಲಿಲ್ಲ. ಕೆರಿಬಿಯನ್ ಮಕ್ಕಳನ್ನು ಬ್ರಿಟಿಷ್ ಶಾಲಾ ವ್ಯವಸ್ಥೆಯು ಹೇಗೆ ಮಂದಮತಿಗಳೆಂದು ವರ್ಗೀಕರಿಸುತ್ತಿದೆ ಎಂಬುದನ್ನು ಗ್ರೆನಡಾದ ಶಿಕ್ಷಕ ಬರ್ನಾರ್ಡ್ ಕೋರ್ಡ್ 1971ರಲ್ಲಿಯೇ ಒಂದು ಕಿರುಹೊತ್ತಗೆಯಲ್ಲಿ ಬಯಲಿಗೆಳೆದಿದ್ದರು. ಕರಿಯ ಸಮುದಾಯದ ಹಿರಿಯರು ದೂರುತ್ತ ಕೂರಲಿಲ್ಲ; ತಮ್ಮದೇ ವಾರಾಂತ್ಯದ ಶಾಲೆಗಳನ್ನು ಕಟ್ಟಿಕೊಂಡರು. ಗಣಿತ, ಇಂಗ್ಲಿಷ್‌ಗಳ ಜೊತೆಗೆ ಆಫ್ರಿಕಾದ ಇತಿಹಾಸವನ್ನೂ ಆತ್ಮಗೌರವವನ್ನೂ ಅಲ್ಲಿ ಕಲಿಸಲಾಗುತ್ತಿತ್ತು. ಅಂಥದೊಂದು ಶನಿವಾರದ ಶಾಲೆಯೇ ತಮ್ಮನ್ನು ಕಾಪಾಡಿತೆಂದು ಅಕಾಲಾ ಕೃತಜ್ಞತೆಯಿಂದ ನೆನೆಯುತ್ತಾರೆ. ಮಲತಂದೆ ಹ್ಯಾಕ್ನಿ ಎಂಪೈರ್ ರಂಗಮಂದಿರದಲ್ಲಿ ದುಡಿಯುತ್ತಿದ್ದುದರಿಂದ ನಾಟಕದ ನಂಟೂ ಎಳವೆಯಲ್ಲಿಯೇ ಬೆಳೆಯಿತು.

ಅಕ್ಕ ಮಿಸ್ ಡೈನಮೈಟ್ 2002ರಲ್ಲಿ ಮರ್ಕ್ಯುರಿ ಪ್ರಶಸ್ತಿ ಗೆದ್ದು ಖ್ಯಾತರಾದರು. ತಮ್ಮನಾದರೋ ದೊಡ್ಡ ಕಂಪನಿಗಳ ಆಶ್ರಯ ಬೇಡದೆ ಸ್ವಂತ ಸಂಸ್ಥೆಯಿಂದಲೇ ಧ್ವನಿಮುದ್ರಿಕೆಗಳನ್ನು ಹೊರತಂದರು. 2006ರಲ್ಲಿ ಮೊದಲ ಆಲ್ಬಂ ಪ್ರಕಟವಾಯಿತು. ಅದೇ ವರ್ಷ ಶ್ರೇಷ್ಠ ಹಿಪ್ ಹಾಪ್ ಕಲಾವಿದರೆಂಬ ಮೋಬೋ ಪ್ರಶಸ್ತಿಯೂ ಸಂದಿತು. ಹಣ, ಆಯುಧ, ಆಡಂಬರಗಳ ವೈಭವೀಕರಣವನ್ನು ಬದಿಗಿಟ್ಟು ಸಾಮ್ರಾಜ್ಯಶಾಹಿ, ವರ್ಣಭೇದ, ಬಡತನಗಳನ್ನು ಅವರು ಹಾಡಿಗೆ ವಸ್ತುವಾಗಿಸಿದರು.

2009ರಲ್ಲಿ ಅವರು ಸ್ಥಾಪಿಸಿದ 'ಹಿಪ್ ಹಾಪ್ ಶೇಕ್ಸ್‌ಪಿಯರ್ ಕಂಪನಿ' ಅವರ ವಿಶಿಷ್ಟ ಕೊಡುಗೆ. 2011ರ ಉಪನ್ಯಾಸವೊಂದರಲ್ಲಿ ಅವರು ಬಿಡಿಸಾಲುಗಳನ್ನು ಓದಿ, ಇದು ಶೇಕ್ಸ್‌ಪಿಯರನದೋ ಹಿಪ್ ಹಾಪ್ ಗಾಯಕನದೋ ಎಂದು ಸಭಿಕರನ್ನು ಕೇಳಿದರು. ಸಭಿಕರು ಮತ್ತೆ ಮತ್ತೆ ಎಡವಿದರು. ಬಳಿಕ ಶೇಕ್ಸ್‌ಪಿಯರನ ಸುನೀತವೊಂದನ್ನು ಹಿಪ್ ಹಾಪ್ ತಾಳಗಳಿಗೆ ಹೊಂದಿಸಿ ನುಡಿದು, ಛಂದಸ್ಸಿನ ಮಿಡಿತ ಎರಡಕ್ಕೂ ಸಮಾನವೆಂದು ತೋರಿದರು. ಮಹಾಕವಿಯು ಯಾವುದೇ ಒಂದು ವರ್ಗದ ಸೊತ್ತಲ್ಲ ಎಂಬುದು ಅವರ ವಾದ. 'ಹ್ಯಾಮ್ಲೆಟ್'ಅನ್ನು 'ರಕ್ತಾಕ್ಷಿ'ಯಾಗಿ ನಮ್ಮದಾಗಿಸಿದ ಕುವೆಂಪು ಅವರನ್ನು ಓದಿರುವ ನಮಗೆ ಈ ಮಾತು ಹೊಸತಲ್ಲ.

2018ರಲ್ಲಿ ಪ್ರಕಟವಾದ 'ನೇಟಿವ್ಸ್' ಕೃತಿಯಲ್ಲಿ ಆತ್ಮಕಥೆಯೂ ಚರಿತ್ರೆಯೂ ಬೆರೆತಿವೆ. ಹರೆಯದಲ್ಲಿ ತಾವೂ ಚೂರಿ ಹಿಡಿದು ತಿರುಗಿದ್ದನ್ನು ಅವರು ಅದರಲ್ಲಿ ಮುಚ್ಚಿಟ್ಟಿಲ್ಲ. ಲಂಡನ್ನಿನ ಚೂರಿ ಇರಿತಗಳಿಗೆ ಚರ್ಮದ ಬಣ್ಣವನ್ನು ಕಾರಣವಾಗಿ ಹೇಳುವವರಿಗೆ, ಬಿಳಿಯ ಯುವಕರ ಹಿಂಸೆಗೆ ಕುಖ್ಯಾತವಾಗಿದ್ದ ಗ್ಲಾಸ್ಗೋ ನಗರದ ಉದಾಹರಣೆಯನ್ನು ಮುಂದಿಟ್ಟು, ಬೇರು ಇರುವುದು ಬಡತನದಲ್ಲಿ ಎಂದು ವಾದಿಸುತ್ತಾರೆ. ಅದೇ ವರ್ಷ ಆಕ್ಸ್‌ಫರ್ಡ್ ಬ್ರೂಕ್ಸ್ ಮತ್ತು ಬ್ರೈಟನ್ ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಪದವಿಗಳನ್ನಿತ್ತವು. ಹಿಂದುಳಿದವರ ಸಾಲಿನಲ್ಲಿ ಕೂರಿಸಲ್ಪಟ್ಟ ಬಾಲಕನಿಗೆ ದೊರೆತ ಉತ್ತರವಿದು.

ವಾರಾಂತ್ಯದಲ್ಲಿ ಯಾವುದೋ ಸಭಾಂಗಣದ ಮೂಲೆಯಲ್ಲಿ ಹತ್ತಾರು ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ನಮ್ಮ ಕನ್ನಡ ಕಲಿಗಳ ಶ್ರಮ ಎಷ್ಟೋ ಬಾರಿ ವ್ಯರ್ಥವೆನಿಸುತ್ತದೆ. ನಮ್ಮ ಮಕ್ಕಳು ಎದುರಿಸುವ ಕಷ್ಟ ಕ್ಯಾಮ್ಡನ್ನಿನ ಆ ಬಾಲಕನ ಕಷ್ಟಕ್ಕೆ ಸಮನಲ್ಲ, ನಿಜ. ಆದರೆ 'ನಾನು ಯಾರು?' ಎಂಬ ಪ್ರಶ್ನೆ ಅವರನ್ನೂ ಒಂದು ದಿನ ಕೇಳದಿರದು. ಅಂದು ಕಾಲೂರಿ ನಿಲ್ಲಲು ಅವರಿಗೊಂದು ನೆಲ ಬೇಕು. ಅದನ್ನು ಹದಗೊಳಿಸುವ ಹೊಣೆ ನಮ್ಮದು.